ಚಂದ್ರಾಮಪ್ಪ ಮಾಸ್ತರರ ಅಡವಿ ಸಾಲಿ

ಚಂದ್ರಾಮಪ್ಪ ಮಾಸ್ತರರಿಗೆ ಗಿಡಗಳ ಹುಚ್ಚು ಹಿಡಿದದ್ದು ಭಂಕೂರದಲ್ಲಿ ಹುಟ್ಟಿದ್ದರಿಂದಲೇ ಇರಬೇಕು. ಅಲ್ಲಿ ಎತ್ತ ನೋಡಿದರೂ ಕಲ್ಲಿನ ಖಣಿ. ಅವರ ಅಪ್ಪ, ಅಣ್ಣ ಎಲ್ಲರೂ ಕಲ್ಲು ಒಡೆಯುವವರು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಮರುವರ್ಷ ಮಾಸ್ತರರಿಗೆ ಚಿಂಚೋಳಿ ಅಡವಿಯಂಚಿನ ನಮ್ಮೂರಿಗೆ ವರ್ಗವಾಯಿತು. ಇನ್ನು ಕೇಳಬೇಕೇ! ಪ್ರತಿ ಶನಿವಾರ ಮುಂಜಾನೆ ಶಾಲೆಗೆ ಬೀಗ ಜಡಿದು ನಮ್ಮನ್ನೆಲ್ಲ ಅಡವಿಗೆ ಹೊರಡಿಸಿಬಿಡುತ್ತಿದ್ದರು. ಮುತ್ತಲಕ್ಕೆ ಒಂದು ತೊಟ್ಟಿಗೆ ಮೂರು ಎಲೆ. ಅದನ್ನು ಎಣಿಸುತ್ತಲೇ ನಾನು ಮೂರರ ಮಗ್ಗಿ ಕಲಿತೆ. ನಾಲ್ಕು ಗೋಡೆಗಳೊಳಗೆ ಕುಳಿತು ಕಲಿತವರಿಗೆ ಇವತ್ತಿಗೂ ಅದು ನೆಟ್ಟಗೆ ಬರುವುದಿಲ್ಲ. ಬೇಕಾದರೆ ನನ್ನ ಗಂಡನನ್ನು ಕೇಳಿ ನೋಡಿ.

ಊರ ಹಿರಿಯ ಕಾಶಪ್ಪನಿಗೆ ಇದು ಸುತರಾಂ ಹಿಡಿಸಲಿಲ್ಲ. "ಓದಲಿಕ್ಕ ಕಳಸಿದ್ರ ದನ ಕಾಯೋ ಕಡೀಗಿ ಒಯ್ತೀರಲ್ಲ ಮಾಸ್ತರ! ಒಂದ ಕೂಸಿಗಿ ಏನರ ಆತಂದ್ರ ನಿಮ್ಮ ಅಡವಿ ಸಾಲಿ ಬಂದ್ ನೋಡ್ರಿ" ಎಂದು ಎಲ್ಲರೆದುರೇ ಗದರಿಸಿದ್ದ.

ಆಗಬಾರದ್ದು ಆಗಿಯೇಹೋಯಿತು. ಒಂದು ಶನಿವಾರ ಹಳ್ಳದ ದಂಡೆಯಲ್ಲಿ ತಲೆ ಎಣಿಸಿದರೆ ಯಂಕಮ್ಮ ಇಲ್ಲ! ಎರಡನೇ ತರಗತಿಯ ಕೂಸು, ಪೀರಮ್ಮನ ಒಬ್ಬಳೇ ಮಗಳು. "ಯಂಕಮ್ಮಾ! ಯಂಕಮ್ಮಾ!" ಎಂದು ಮಾಸ್ತರರು ಗಂಟಲು ಹರಿಯುವಂತೆ ಕೂಗಿದರು. ಉತ್ತರವೇ ಇಲ್ಲ. ನಮ್ಮ ಕಡೆ ಅಡವಿಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡಬಾರದು. ಕರೆಯುವುದು ಮನುಷ್ಯರೋ, ಇನ್ನೇನೋ! ಇದು ನಮಗೆಲ್ಲ ಗೊತ್ತು. ಮಾಸ್ತರರಿಗೆ ಗೊತ್ತಿಲ್ಲದ್ದೂ ಒಂದಿರುತ್ತದೆ ಎಂದು ಮಾತ್ರ ನಮಗೆ ಹೊಳೆಯಲಿಲ್ಲ.

ದೊಡ್ಡ ಹುಡುಗಿಯರು ಊರಿಗೆ ಓಡಿ ಪೀರಮ್ಮನನ್ನು ಕರೆತಂದರು. ಆಕೆ ಮಗಳ ಹೆಸರೆತ್ತಲಿಲ್ಲ. ದಿನಾ ಸಂಜೆ ತನ್ನ ಆಕಳನ್ನು ಕರೆಯುವಂತೆ, "ಬಾ ಗೌರೀ, ಬಾ, ಬಾ" ಎಂದು ಕೂಗುತ್ತ ಅಡವಿ ಹೊಕ್ಕಳು. ಸ್ವಲ್ಪ ಹೊತ್ತಿಗೆ ಯಂಕಮ್ಮ ಮುತ್ತಲದ ಗಿಡಗಳ ಸಂದಿಯಿಂದ ಓಡಿಬಂದು ಅವ್ವನ ಸೀರೆ ಹಿಡಿದುಕೊಂಡಳು.

"ಮಾಸ್ತರು ಕರದದ್ದು ಕೇಳಸಲಿಲ್ಲೇನ?"

"ಕೇಳಸ್ತು. ಹೆಸರು ಹಿಡದು ಕರೀಲಿಕತ್ತಿದ್ರು, ಅದಕ್ಕ ಓ ಅನಲಿಲ್ಲ."

"ಮತ್ತ ಇಷ್ಟೊತ್ತು ಏನ ಮಾಡಿದಿ?"

"ಗಿಡದ ಬುಡಕ್ಕ ಕುಂತಿದ್ದೆ. ಹಾದಿ ತಪ್ಪಿದ್ರ ತಿರಗಬ್ಯಾಡ್ರಿ, ಅಲ್ಲೇ ಕುಂದ್ರಿ ಅಂತ ಮಾಸ್ತರೇ ಹೇಳ್ಯಾರ."

ಮರುದಿನ ಮಾಸ್ತರರು ಪೀರಮ್ಮನ ಮನೆಯ ಮುಂದೆ ಕೈಮುಗಿದು ನಿಂತರು. ಕಾಶಪ್ಪನೂ ಬಂದಿದ್ದ, ನಾವೂ ಹಿಂಡುಗಟ್ಟಿ ನಿಂತಿದ್ದೆವು. "ತಪ್ಪಾತವ್ವ, ಅಡವಿ ಸಾಲಿ ಬಂದ್ ಮಾಡ್ತೀನಿ" ಎನ್ನುವಾಗ ಅವರ ಕಣ್ಣು ತುಂಬಿತ್ತು. ನನಗಂತೂ ಅಳುವೇ ಬಂತು. ಇನ್ನು ಶನಿವಾರವೂ ಶಾಲೆಯ ಆ ಕಾದ ಕೋಣೆಯೇ ಗತಿ!

ಪೀರಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಬಂದ್ ಯಾಕ್ರಿ? ಅಕಿ ನಿಮ್ಮ ಮಾತೂ ಕೇಳ್ಯಾಳ, ನಮ್ಮ ಮಾತೂ ಕೇಳ್ಯಾಳ. ಅಕೀದೇನು ತಪ್ಪದ, ಅಡವೀದೇನು ತಪ್ಪದ? ಒಬ್ಬರಿಗೊಬ್ಬರು ಮಾತಾಡದವರು ನಾವು ದೊಡ್ಡವರು. ನೀವು ಬಂದು ಎರಡು ವರ್ಷ ಆತು. ಅಡವಿ ತುಂಬ ಒಂದೊಂದು ಗಿಡದ ಕಡೀಗಿ ಹೋಗಿ ಬರ್ತೀರಿ, ನಮ್ಮ ಬಾಗಲಿಗಿ ಇವತ್ತ ಬಂದೀರಿ ನೋಡ್ರಿ."

ಕಾಶಪ್ಪ ಏನೋ ಹೇಳಲು ಹೋದ, ಆಕೆ ಅವನ ಕಡೆ ನೋಡಲೂ ಇಲ್ಲ.

"ಒಳಗ ಬರ್ರಿ" ಎಂದಳು. ಮಾಸ್ತರರು ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಆ ಗಿಡ್ಡ ಬಾಗಿಲನ್ನು ದಾಟಿದರು.