ಬೆಟ್ಟದ ಕೋತಿಯ ಬೆಡಗು

ಕಂಪ್ಲಿಯ ರೇಣುಕಾದೇವಿ ಹೊಸಪೇಟೆಯ ಕಾಲೇಜಿನಲ್ಲಿ ನನ್ನ ಜೊತೆ ಪ್ರಾಣಿಶಾಸ್ತ್ರ ಕಲಿಸುವವಳು. ಕಾಂಗರೂ ಪಾಠ ಬಂತೆಂದರೆ ಅವಳನ್ನು ಹಿಡಿಯುವವರಿಲ್ಲ. ಕಾಂಗರೂ ಬಿಟ್ಟು, ಚಿಲಿ ದೇಶದ ಕಾಡಿನಲ್ಲಿ ಹೊಟ್ಟೆಚೀಲದಲ್ಲಿ ಮರಿ ಸಾಕುವ ಅಂಗೈಯಗಲದ ಪ್ರಾಣಿಯೊಂದರ ಕಥೆ ಶುರುಮಾಡುತ್ತಾಳೆ. ಅಲ್ಲಿಯವರು ಅದನ್ನು ಬೆಟ್ಟದ ಮರಿಕೋತಿ ಎನ್ನುತ್ತಾರಂತೆ. ಕೋತಿಯಲ್ಲ, ನೋಡಲು ಇಲಿ, ಇಲಿಯೂ ಅಲ್ಲ. ಪಂಡಿತರು ಬಹುಕಾಲ ಅದನ್ನು ಅಮೆರಿಕದ ಚೀಲದ ಪ್ರಾಣಿಗಳ ಸಾಲಿಗೇ ಸೇರಿಸಿದ್ದರು. ಕೊನೆಗೆ ಕಾಲಿನ ಹರಡಿನ ಮೂಳೆ ನೋಡಿದರೆ ನಂಟರೆಲ್ಲ ಸಮುದ್ರದಾಚೆ, ಆಸ್ಟ್ರೇಲಿಯಾದಲ್ಲಿ. ಅಂಟಾರ್ಕ್ಟಿಕಾದ ಮೂಲಕ ಎರಡೂ ನೆಲ ಕೂಡಿದ್ದ ಕಾಲದ ನಂಟು ಅದು. ಸ್ವಂತ ಕುಲದ ಉಳಿದವೆಲ್ಲ ಅಳಿದುಹೋಗಿರುವುದರಿಂದ ಅದಕ್ಕೇ ಒಂದು ಬೇರೆ ಗಣ ಮಾಡಿಟ್ಟಿದ್ದಾರೆ.

"ನಂದೂ ಅದರ ಹಣೇಬರಾನ ನೋಡ್ರಿ," ಅನ್ನುತ್ತಿದ್ದಳು. ಅವಳ ಅಜ್ಜ ತಬ್ಬಲಿ ಹುಡುಗನಾಗಿ ಡ್ಯಾಮ್ ಕಟ್ಟುವ ಕೆಲಸಕ್ಕೆ ಬಂದವನು. ತನ್ನ ಬೆಡಗು, ಅಂದರೆ ಕುಲದೊಳಗಿನ ಬಳಿ, ಯಾವುದೆಂದು ಅವನಿಗೇ ತಿಳಿದಿರಲಿಲ್ಲ. ಅವರಲ್ಲಿ ಒಂದೇ ಬೆಡಗಿನವರು ಅಣ್ಣತಂಗಿಯರು, ಲಗ್ನ ಕೂಡದು. ಬೆಡಗು ಗೊತ್ತಿಲ್ಲದವಳಿಗೋ, ಲಗ್ನವೇ ಕೂಡಿಬರಲಿಲ್ಲ. ನೋಡಲು ಬಂದವರೆಲ್ಲ ಚಹಾ ಕುಡಿದು ಹೋದರು.

ಕಳೆದ ಬೇಸಿಗೆಯಲ್ಲಿ ಯಶವಂತನಗರದ ಕರೆಮ್ಮ ತಮ್ಮ ಮಗ ಗಾದಿಲಿಂಗನನ್ನು ಕರೆದುಕೊಂಡು ಕಂಪ್ಲಿಗೆ ಬಂದರು. ಹುಡುಗ ಗಣಿಯಲ್ಲಿ ಸೂಪರ್‌ವೈಸರ್. "ಬೆಡಗು ಗೊತ್ತಿಲ್ಲಂದ್ರ ಇರ್ಲಿ ಬಿಡ್ರಿ. ಹುಡುಗಿ ಭಾಳ ಚಲೋ ಅದಾಳ," ಅಂದರು. ರೇಣುಕಾದೇವಿಗೂ ಅವನು ಮನಸ್ಸಿಗೆ ಬಂದಿದ್ದ. ಅವಳು ಹೇಳಬೇಕೆ, ಮುಖವೇ ಹೇಳುತ್ತಿತ್ತು.

ಅಂದು ನಾನೂ ಅವಳ ಮನೆಯಲ್ಲಿದ್ದೆ. ಅವರನ್ನು ಬಸ್ಸಿಗೆ ಬಿಡಲು ನಾನೂ ರೇಣುಕಾದೇವಿಯೂ ಹೊರಟೆವು. ಕಾಲುವೆ ದಾರಿಯಲ್ಲಿ ಯಾರೋ ಕಡಿದ ತಂಗಡಿ ಗಿಡದ ಟೊಂಗೆ ಹಳದಿ ಹೂವಿನ ಸಮೇತ ಅಡ್ಡ ಬಿದ್ದಿತ್ತು. ನಾನು ದಾಟಿದೆ. ಗಾದಿಲಿಂಗ ಬಗ್ಗಿ ಹೂವು ಮುಟ್ಟಿ ಕಣ್ಣಿಗೊತ್ತಿಕೊಂಡು ಸುತ್ತಿ ಬಂದ, ಹಿಂದೆಯೇ ಅವನ ತಾಯಿಯೂ ಬಂದರು. ರೇಣುಕಾದೇವಿ ಆ ಕಡೆಯೇ ನಿಂತಳು. ಅವಳ ಅಪ್ಪ ಹಾಗೆಯೇ ಮಾಡುತ್ತಿದ್ದ, ಅಜ್ಜನೂ. ಯಾಕೆಂದು ಕೇಳಿದರೆ ಗೊತ್ತಿಲ್ಲ ಅನ್ನುತ್ತಿದ್ದರು.

ದಾಟಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು ಬಗ್ಗಿದಳು, ಹೂವು ಮುಟ್ಟಿದಳು, ಸುತ್ತಿ ಬಂದಳು.

"ನೀ ಯಾಕವ್ವ ದಾಟಲಿಲ್ಲ?" ಕರೆಮ್ಮ ಕೇಳಿದರು.

"ನಮ್ಮಜ್ಜ ದಾಟ್ತಿದ್ದಿಲ್ಲರಿ."

ಕರೆಮ್ಮ ಕಾಲುವೆಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ತಂಗಡಿ ನಮ್ಮ ಬೆಡಗಿನ ಗಿಡ, ನಮ್ಮ ಬೆಡಗಿನವರಷ್ಟ ಅದನ್ನ ದಾಟಂಗಿಲ್ಲ. ನೀ ನಮ್ಮನಿ ಮಗಳಾದಿ."

ಬಸ್ಸು ಹೋದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. "ದಾಟಿದ್ರ ನಿನ್ನ ಗಂಟೇನು ಹೋಗ್ತಿತ್ತು?" ಅಂದೆ. "ಹರಡಿನ ಮೂಳಿ ಸುಳ್ಳು ಹೇಳಂಗಿಲ್ಲರಿ," ಅಂದವಳು ಅಲ್ಲೇ ನಿಂತು ಅತ್ತಳು.

ಪಂಚಮಿಗೆ ಗಾದಿಲಿಂಗ ಮತ್ತೆ ಬಂದ. ಅಣ್ಣಂದಿರು ತಂಗಿಯರನ್ನು ತವರಿಗೆ ಕರೆದೊಯ್ಯುವ ಹಬ್ಬ. "ಅವ್ವ ಕಳಿಸ್ಯಾಳ, ಜಲ್ದಿ ನಡಿ ತಂಗಿ," ಅಂದ, ತಲೆ ಎತ್ತದೆ. ಅವಳ ಚೀಲ ಬೆಳಗಿನಿಂದಲೇ ಬಾಗಿಲಲ್ಲಿ ಸಿದ್ಧವಾಗಿತ್ತು.