ಡೆರ್ಕಿ ಬೇಕೆಂದೇ ಮರೆತ ಮಾತುಗಳು

ಮೈರಾನ್ ಡೆರ್ಕಾಚನನ್ನು ನಮ್ಮ ಸಸ್ಕಾಚೆವಾನಿನ ಬಯಲಿನಲ್ಲಿ ಎಲ್ಲರೂ ಡೆರ್ಕಿ ಎಂದೇ ಕರೆಯುತ್ತಿದ್ದರು. ಅಪ್ಪನ ಗೋಧಿ ಹೊಲದ ಅಂಚಿನ ಕೆರೆ ಹೆಪ್ಪುಗಟ್ಟಿತೆಂದರೆ ಅವನಿಗೆ ಹಬ್ಬ. ಮಂಜುಗಡ್ಡೆಯ ಮೇಲೆ ಆಡುವ ಹಾಕಿ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು, ಆದರೆ ಅಷ್ಟು ಚೆನ್ನಾಗಿ ಆಡುವ ಹುಡುಗರು ನಮ್ಮಲ್ಲಿ ಓಣಿಗೊಬ್ಬರಿದ್ದರು. ನಮ್ಮ ಪಟ್ಟಣದ ಸಂಬಳದ ತಂಡಕ್ಕೆ ಸೇರಿದ ದಿನ ಕೋಚ್ ಅವನ ಭುಜದ ಅಗಲ ನೋಡಿ, "ನಿನ್ನ ಗೋಲು ಯಾರಿಗಯ್ಯಾ ಬೇಕು? ನಮ್ಮ ಚಿಕ್ಕ ಹುಡುಗ್ರನ್ನ ಯಾವನಾದ್ರೂ ಮುಟ್ಟಿದ್ರೆ ಅವನ ಮೂತಿಗೆ ಕೊಡು, ಸಾಕು," ಎಂದ. ಅಂದಿನಿಂದ ಕೈಗವಸು ಬಿಸಾಡಿ ಮುಷ್ಟಿ ಎತ್ತುವುದೇ ಅವನ ಕಸುಬಾಯಿತು. ಹೊಡೆದಾಡಿದವನಿಗೆ ನಮ್ಮ ಆಟದಲ್ಲಿ ಐದು ನಿಮಿಷ ಹೊರಗೆ ಕೂರುವ ಶಿಕ್ಷೆ, ಅಷ್ಟೇ. ಅವನ ಮೂಗಿನಿಂದ ರಕ್ತ ಸುರಿದಷ್ಟೂ ನಾವು ಎದ್ದು ನಿಂತು ಕೂಗಿದೆವು. ಮೂಗು ಅವನದು, ನಮ್ಮಪ್ಪನ ಗಂಟೇನು ಹೋಗುತ್ತಿತ್ತು!

ಪ್ರತಿ ವರ್ಷ ಪಂದ್ಯಗಳು ಶುರುವಾಗುವ ಮುನ್ನ, ಎಲೆ ಉದುರುವ ಕಾಲದಲ್ಲಿ, ತಂಡದ ಡಾಕ್ಟರು ಪೆನ್ನರ್ ಆಟಗಾರರಿಗೆ ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೇಳುತ್ತಿದ್ದರು. ಚಳಿಗಾಲದಲ್ಲಿ ತಲೆಗೆ ಏಟು ಬಿದ್ದರೆ ಮತ್ತೆ ಅಂಥದೇ ಪರೀಕ್ಷೆ. ಮೊದಲಿಗಿಂತ ಕಡಿಮೆ ನೆನಪಿದ್ದರೆ ಆಟ ಬಂದ್. ಏಟು ತಿಂದೇ ಬದುಕುವವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಮೊದಲೇ ಪೆದ್ದನ ವೇಷ ಹಾಕಿಬಿಟ್ಟರೆ ಆಮೇಲೆ ಎಷ್ಟು ಪೆದ್ದನಾದರೂ ಯಾರಿಗೂ ತಿಳಿಯುವುದಿಲ್ಲ. ಡೆರ್ಕಿ ತಲೆ ಕೆರೆದುಕೊಂಡು ಎರಡೇ ಪದ ಹೇಳುತ್ತಿದ್ದ.

"ಡಾಕ್ಟ್ರೇ, ಇವನ ತಲೇಲಿರೋದೇ ಎರಡು ಪದ. ಒಂದು 'ಬಾ', ಇನ್ನೊಂದು 'ಹೊಡಿ'!" ಎಂದು ಜೊತೆಯವರು ಕಾಲೆಳೆಯುತ್ತಿದ್ದರು.

ಮನೆಗೆ ಬಂದವನೇ ಹೆಂಡತಿ ಲೊರೀನಳ ಮುಂದೆ ಐದನ್ನೂ ಪಟಪಟನೆ ಒಪ್ಪಿಸುತ್ತಿದ್ದ. ಬೇಕರಿಯ ಕೆಲಸ ಮುಗಿಸಿ ಬಂದ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತ ಆಲೂಗಡ್ಡೆ ತುಂಬಿದ ಕಡುಬನ್ನು ಬಡಿಸುತ್ತಿದ್ದಳು. ಚಳಿಗಾಲದಲ್ಲಿ ಏಟು ತಿಂದು ಬಂದಾಗಲೂ ಹಾಗೆಯೇ ಕೇಳುತ್ತಿದ್ದಳು, ಅವನು ಹೇಳುತ್ತಿದ್ದ, ಅವಳಿಗೆ ನೆಮ್ಮದಿ. ಇಬ್ಬರೂ ಸೇರಿ ಡಾಕ್ಟರಿಗೆ ಟೋಪಿ ಹಾಕಿದ ಖುಷಿ ಬೇರೆ.

ಅವನ ಗಡ್ಡದಲ್ಲಿ ಬಿಳಿ ಕೂದಲು ಇಣುಕಿದ ವರ್ಷ, ಫೆಬ್ರವರಿಯಲ್ಲಿ, ಎದುರಾಳಿಯೊಬ್ಬ ಕೊಟ್ಟ ಗುದ್ದಿಗೆ ಡೆರ್ಕಿಯ ತಲೆ ಮಂಜುಗಡ್ಡೆಗೆ ಬಡಿಯಿತು. ಪೆನ್ನರ್ ಪರೀಕ್ಷೆ ಮಾಡಿದರು. ಎರಡು ಪದ. ಯಾವಾಗಲೂ ಇಷ್ಟೇ ಎಂದು ಕಳಿಸಿಕೊಟ್ಟರು.

"ಸರಿ, ಈಗ ಐದೂ ಹೇಳು," ಎಂದಳು ಲೊರೀನ್, ತಟ್ಟೆ ಇಡುತ್ತ.

"ಬೆಣ್ಣೆ... ಏಣಿ..."

"ಸಾಕು ನಿಲ್ಸೋ ನಾಟಕ, ಡಾಕ್ಟ್ರು ಇಲ್ಲಿಲ್ಲ."

ಅವನೂ ನಕ್ಕ. ಆಮೇಲೆ ಮೆಲ್ಲಗೆ ಕೇಳಿದ, "ಒಟ್ಟು ಎಷ್ಟಿದ್ವು?"



ಅದೇ ವಾರ ದೊಡ್ಡ ಲೀಗಿನ ತಂಡದಿಂದ ಕರೆ ಬಂತು. ಅವರ ಹೊಡೆದಾಟದ ಆಳು ಕೈ ಮುರಿದುಕೊಂಡಿದ್ದ, ಶನಿವಾರದ ಪಂದ್ಯಕ್ಕೆ ಡೆರ್ಕಿ ಬೇಕು. ಕೆರೆಯ ಮೇಲೆ ಮೊದಲ ಸಲ ಬಿದ್ದೆದ್ದ ದಿನದಿಂದ ಅವನು ಕಾದಿದ್ದು ಇದಕ್ಕೇ. ಪಟ್ಟಣಕ್ಕೆ ಪಟ್ಟಣವೇ ಬೇಕರಿಗೆ ನುಗ್ಗಿ ಅವಳ ಕೈ ಕುಲುಕಿತು. ಅವನು ಮನೆಯಲ್ಲಿ ಸ್ಕೇಟಿನ ಅಲಗು ಮಸೆಯುತ್ತ ಸಿಳ್ಳೆ ಹಾಕುತ್ತಿದ್ದ. ಆ ಸಿಳ್ಳೆ ಕೇಳಿ ಅವಳಿಗೆ ಅಳು ತಡೆಯಲಾಗಲಿಲ್ಲ. ಸುಮ್ಮನಿದ್ದರೆ ಅವನ ಜನ್ಮ ಸಾರ್ಥಕ, ಇನ್ನೊಂದು ಗುದ್ದು ಬಿದ್ದರೆ ಅವನೇ ಇಲ್ಲ. ಕೋಟು ಹಾಕಿಕೊಂಡು ಪೆನ್ನರ್ ಮನೆಗೆ ನಡೆದಳು.

"ಡಾಕ್ಟ್ರೇ, ಅವನಿಗೆ ಯಾವಾಗ್ಲೂ ಐದೂ ನೆನಪಿರ್ತಿತ್ತು. ಈ ಸಲ ಇಲ್ಲ."

ಮುದುಕ ಪೆನ್ನರ್ ಕನ್ನಡಕ ತೆಗೆದಿಟ್ಟು, ಡೆರ್ಕಿ ಆಡುವಂತಿಲ್ಲ ಎಂದು ದೊಡ್ಡ ತಂಡಕ್ಕೆ ಫೋನು ಮಾಡಿದರು. ಬೇರೊಬ್ಬ ಹುಡುಗ ವಿಮಾನ ಹತ್ತಿದ.

"ಒಂದೇ ಒಂದು ಮ್ಯಾಚು ಕಣೇ!" ಡೆರ್ಕಿ ಅಡುಗೆಮನೆಯ ಗೋಡೆಗೆ ಹಣೆ ಹಚ್ಚಿ ಹೇಳಿದ. "ಆ ತಂಡದ ಅಂಗಿ ಹಾಕ್ಕೊಂಡು ಒಂದು ಸಲ ಅಂಗಳಕ್ಕಿಳಿದಿದ್ರೆ ಸಾಕಿತ್ತು. ಆಮೇಲೆ ಸತ್ರೂ ನಂಗೆ ಬೇಜಾರಿರ್ಲಿಲ್ಲ."

"ನಂಗೆ ಇರ್ತಿತ್ತಲ್ಲೋ," ಎಂದಳು.

ಅವನು ಮತ್ತೆ ಆಡಲಿಲ್ಲ. ಮುಂದಿನ ಚಳಿಗಾಲದವರೆಗೂ ಹೆಂಡತಿಯೊಡನೆ ಮಾತು ಬಿಟ್ಟ. ಗಂಡನ ಭಾಗ್ಯಕ್ಕೆ ಕಲ್ಲು ಹಾಕಿದವಳು ಎಂದು ನಾವೂ ಬೇಕರಿಯಲ್ಲಿ ಅವಳ ಮುಖ ನೋಡದೆ ಬ್ರೆಡ್ಡು ಕೊಂಡೆವು. ನಮ್ಮ ನಾಲಿಗೆಗೇನು ಎಲುಬಿತ್ತೇ? ಆಟದ ಅಂಗಳದಲ್ಲಿ ಮಂಜುಗಡ್ಡೆ ನುಣುಪು ಮಾಡುವ ಬಂಡಿ ಓಡಿಸುವ ಕೆಲಸ ಅವನಿಗೆ ಸಿಕ್ಕಿತ್ತು. ಕೆಲವು ವರ್ಷ ಕಳೆದ ಮೇಲೆ ನುಣುಪು ಮಾಡಿದ ಕಡೆಯೇ ಮತ್ತೆ ಮತ್ತೆ ಸುತ್ತತೊಡಗಿದ್ದರಿಂದ ಅದೂ ಹೋಯಿತು.

ಬರಬರುತ್ತ ಜೊತೆಗಾರರ ಹೆಸರು ಮರೆತ, ಮನೆಯ ದಾರಿ ಮರೆತ. ಲೊರೀನಳ ಮೇಲಿನ ಸಿಟ್ಟೂ ಮರೆತು ಹೋಗಿತ್ತು. ಅದಕ್ಕೆ ಸಂತೋಷಪಡಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಅವನು ಇದ್ದಕ್ಕಿದ್ದಂತೆ ಕೇಳಿದ, "ನಾನ್ಯಾಕೆ ದೊಡ್ಡ ತಂಡಕ್ಕೆ ಹೋಗ್ಲಿಲ್ಲ?"

ಸುಳ್ಳು ಹೇಳಿ ಪಾರಾಗಬಹುದಿತ್ತು. ಅವಳಿಗೆ ಸುಳ್ಳು ಸಾಕಾಗಿತ್ತು.

"ಪರೀಕ್ಷೇಲಿ ನೀನು ನಾಟಕ ಆಡ್ತಿದ್ದೆ ಅಂತ ನಾನೇ ಡಾಕ್ಟ್ರಿಗೆ ಹೇಳ್ಬಿಟ್ಟೆ."

ಅವನು ಮೇಜಿಗೆ ಗುದ್ದುತ್ತಾನೆಂದು ಲೋಟ ಭದ್ರವಾಗಿ ಹಿಡಿದುಕೊಂಡಳು. ಅವನು ಗುದ್ದಲಿಲ್ಲ.

"ನಾಟಕ ಅಂತ ನಿಂಗೆ ಯಾವಾಗಿಂದ ಗೊತ್ತಿತ್ತು?"

"ಮೊದಲಿಂದ್ಲೂ."

"ಮತ್ತೆ ಅಷ್ಟು ವರ್ಷ ಯಾಕೆ ಸುಮ್ನಿದ್ದೆ?"

ಅವನ ದನಿಯಲ್ಲಿ ದೂರಿರಲಿಲ್ಲ. ತಿಳಿಯದೆ ಕೇಳುತ್ತಿದ್ದ. ಲೊರೀನ್ ಎದ್ದು ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು.