ಕಾಡಿನವರ ಸಿನಿಮಾಕ್ಕೆ ನಾನು ಕೊಟ್ಟ ಕನ್ನಡ

ಗೆಳೆಯರೇ, ಇವತ್ತು ಮಧ್ಯಾಹ್ನ ಪೀಣ್ಯದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ವಿಡಿಯೋ ಕ್ಯಾಸೆಟ್ ತರಿಸಿ ಒಂದು ಇಂಗ್ಲಿಷ್ ಸಿನಿಮಾ ಹಾಕಿದ್ದರು. ಹಿಂದಿನ ಕಾಲದಲ್ಲಿ ಪಾದ್ರಿಗಳು ಯಾವುದೋ ದೂರದೇಶದ ಕಾಡಿಗೆ ಹೋಗಿ, ಅಲ್ಲಿಯ ಮೂಲನಿವಾಸಿಗಳ ನಡುವೆ ಚರ್ಚು ಕಟ್ಟುವ ಕಥೆ. ಅದನ್ನು ಎಲ್ಲರಿಗೂ ಕನ್ನಡದಲ್ಲಿ ಹೇಳುವ ಕೆಲಸ ನನಗೆ ಬಂತು.

ಕಾಡಿನವರು ಟಿ.ವಿ.ಯಲ್ಲಿ ಕಾಣಿಸಿಕೊಂಡೊಡನೆ ನಾನು, "ನೋಡ್ರಪ್ಪಾ, ಬಂದ್ರು ಕಾಡುಮನುಷ್ಯರು! ಬಟ್ಟೆ ಅಂದ್ರೇನು ಅಂತಾನೇ ಗೊತ್ತಿಲ್ಲ" ಎಂದೆ. ಕ್ಯಾಂಟೀನೆಲ್ಲ ನಕ್ಕಿತು. ಆಮೇಲೆ ಅವರು ಬಾಯಿ ತೆರೆದಾಗಲೆಲ್ಲ ನಾನೊಂದು ತಮಾಷೆ ಸೇರಿಸಿದೆ.

ಕೊನೆಯಲ್ಲಿ ಸಿಪಾಯಿಗಳು ಬಂದು ಅವರ ಊರಿಗೆ ಬೆಂಕಿಯಿಟ್ಟರು. ಒಬ್ಬ ಮುದುಕಿ ಹಾಡತೊಡಗಿದಳು. ನಾಲ್ಕು ವರ್ಷದಿಂದ ನನ್ನ ಪಕ್ಕದ ಲೇತಿನಲ್ಲಿ ಕೆಲಸ ಮಾಡುವ ಮಾದ, "ಏನಂತ ಆಡ್ತಾವಳೆ ಅಣ್ಣ?" ಎಂದು ಕೇಳಿದ.

"ಅವರ ಭಾಷೆ ಯಾರಿಗೊತ್ತು ಮಗಾ" ಎಂದೆ.

"ನಮ್ಮನ್ನ ಕಾಡಿಂದ ಎಬ್ಬಿಸಿದ ದಿನ ನಮ್ಮವ್ವನೂ ಇಂಗೇ ಆಡ್ತು. ನಾವು ಸೋಲಿಗರಲ್ವಾ" ಎಂದ.

ನನಗೆ ಅದು ಗೊತ್ತೇ ಇರಲಿಲ್ಲ. ಇಷ್ಟು ವರ್ಷ ನಾನು ಕೇಳಿಯೂ ಇರಲಿಲ್ಲ.

ಸಂಜೆ ಬಸ್ ಸ್ಟಾಪಿನಲ್ಲಿ ಅವನನ್ನು ಹಿಡಿದು, "ತಪ್ಪಾಯ್ತು ಕಣೋ, ಹಂಗೆಲ್ಲ ಅನ್ನಬಾರದಿತ್ತು" ಎಂದೆ. ಅವನು ನನ್ನ ಮುಖ ನೋಡಲಿಲ್ಲ. "ಬಿಡಣ್ಣ. ಎಲ್ಲಾರೂ ನಗ್ತಿದ್ರಲ್ಲ, ನಾನೂ ನಕ್ಬಿಟ್ಟೆ" ಎಂದು ಬಾಗಲಗುಂಟೆಯ ಬಸ್ಸು ಹತ್ತಿದ.

ನನ್ನ ಕನ್ನಡ ಸಕ್ಕತ್ತಾಗಿತ್ತು ಎಂದು ಮಿಕ್ಕವರೆಲ್ಲ ಹೊಗಳಿದ್ದಾರೆ. ನೀವು ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲವಲ್ಲ, ಅಷ್ಟೇ ಸಮಾಧಾನ.